ಏಳು ಬಾಗಿಲಿನ ದ್ಯಾವೀರಿ

ಆ ಊರಿನ ಹೆಸರು ಕೇಳಬೇಡಿ, ನನಗೆ ಗೊತ್ತಿಲ್ಲ. ಗೊತ್ತಿದ್ದರೂ ಹೇಳುತ್ತಿರಲಿಲ್ಲ. ಕಂಡಕಂಡದ್ದನ್ನೆಲ್ಲ ಬರೆದಿಟ್ಟುಕೊಳ್ಳುವ ಹುಚ್ಚು ಹಿಡಿದ ಊರದು, ಅದರ ಪುಸ್ತಕಕ್ಕೆ ನನ್ನದೂ ಒಂದು ಸಾಲು ಯಾಕೆ? ಊರ ಸುತ್ತ ಗೋಡೆ ಇತ್ತು, ಗೋಡೆಯಾಚೆ ಹೊಳೆ ಇತ್ತು, ಊರ ನಡುವೆ ನಾಲ್ಕು ಪುಸ್ತಕಗಳನ್ನಿಟ್ಟ ಒಂದು ಕಟ್ಟಡ ಇತ್ತು. ಇಷ್ಟು ತಿಳಿದರೆ ಸಾಕು.

ಆ ಊರಿನಲ್ಲಿ ಒಂದು ಕಟ್ಟಳೆ. ಸತ್ತ ಮಗಳನ್ನು ಅವಳ ತಾಯಿಯ ಕಾಲ ಬುಡದಲ್ಲಿ ಮಣ್ಣು ಮಾಡಬೇಕು, ಸತ್ತ ಮಗನನ್ನು ಅವನ ತಂದೆಯ ಕಾಲ ಬುಡದಲ್ಲಿ. ಹೀಗೆ ಒಬ್ಬರ ಪಾದಕ್ಕೆ ಒಬ್ಬರು ತಲೆ ಕೊಟ್ಟುಕೊಂಡು, ಮಣ್ಣಿನೊಳಗೆ ಸಾಲು ಸಾಲಾಗಿ ಮಲಗಿದ್ದರು ಅಲ್ಲಿನ ಜನ. ತಾಯಿ ಎಲ್ಲಿ ಮಲಗಿದ್ದಾಳೆಂದು ತೋರಿಸಲಾಗದವಳಿಗೆ ಗೋಡೆಯೊಳಗೆ ಮಣ್ಣಿಲ್ಲ. ಅವಳಿಗೆ ಹೊಳೆಯ ಮರಳೇ ಗತಿ. ಮಳೆಗಾಲದಲ್ಲಿ ಹೊಳೆ ಏರುತ್ತಿತ್ತು, ಮರಳಲ್ಲಿ ಮಲಗಿದವರನ್ನು ಎಬ್ಬಿಸಿಕೊಂಡು ಹೋಗುತ್ತಿತ್ತು. ಆಮೇಲೆ ಅವರ ಸುದ್ದಿಯನ್ನು ಯಾರೂ ಎತ್ತುತ್ತಿರಲಿಲ್ಲ.

ಅಲ್ಲಿ ಮೆಟ್ಟು ಹೊಲಿಯುವ ಒಬ್ಬ ಅವ್ವ, ಅವಳಿಗೊಬ್ಬ ಮಗಳು. ಮಗಳೂ ಮೆಟ್ಟು ಹೊಲಿಯುವವಳೇ. ಊರಿನ ಕಾಲುಗಳೆಲ್ಲ ಇವರಿಬ್ಬರ ಕೈಯಲ್ಲಿ ಹಾದುಹೋಗಿದ್ದವು. ಯಾರ ಹೆಬ್ಬೆರಳು ಸೊಟ್ಟ, ಯಾರ ಪಾದ ಚಪ್ಪಟೆ, ಎಲ್ಲ ಇವರಿಗೆ ಗೊತ್ತು. ಹತ್ತು ವರ್ಷಕ್ಕೊಮ್ಮೆ ತಲೆ ಎಣಿಕೆಯ ವರ್ಷ ಬಂತೆಂದರೆ ಇವರಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಊರಿಗೆ ಊರೇ ಹೊಸ ಮೆಟ್ಟು ಬೇಕೆಂದು ಬಾಗಿಲಲ್ಲಿ ನಿಲ್ಲುತ್ತಿತ್ತು. ಯಾಕೆಂದು ಮುಂದೆ ನಿಮಗೇ ತಿಳಿಯುತ್ತದೆ. ಅಂಥದೇ ಒಂದು ವರ್ಷ, ಬೇಸಿಗೆಯ ಕೊನೆಗೆ, ಅವ್ವ ಹಾಸಿಗೆ ಹಿಡಿದಳು. ಹೆಬ್ಬೆರಳು ತೂರುವ ಉಂಗುಟ ಹಾಕದ ಮೆಟ್ಟುಗಳು ಮೂಲೆಯಲ್ಲಿ ರಾಶಿ ಬಿದ್ದಿದ್ದವು.

"ಗೂಡಲ್ಲಿರೋದನ್ನ ಕೊಡು ಮಗಾ," ಅಂದಳು ಅವ್ವ.

ಗೋಡೆಯ ಗೂಡಲ್ಲಿ ಒಂದು ಜೊತೆ ಮೆಟ್ಟು ಇತ್ತು. ಮಗಳು ಹುಟ್ಟಿದಾಗಿನಿಂದ ಅದನ್ನು ಅಲ್ಲೇ ನೋಡಿದ್ದಳು. ವರ್ಷಕ್ಕೊಮ್ಮೆ ಅವ್ವ ಅದಕ್ಕೆ ಎಣ್ಣೆ ತಿಕ್ಕಿ ಮತ್ತೆ ಅಲ್ಲೇ ಇಡುತ್ತಿದ್ದಳು. ಯಾರು ಎಷ್ಟು ಕೇಳಿದರೂ ಕೊಟ್ಟವಳಲ್ಲ.

"ಇದು ನನ್ನವ್ವಂದು. ನಾನು ಹೊಲಿಯೋದು ಕಲಿತ ಮೊದಲನೇ ವರ್ಷ ಅವಳಿಗಂತ ಮಾಡಿದ್ದು. ಅಳತೆ ಬಾಯಲ್ಲಿ ಹೇಳೋಕೆ ಬರಲ್ಲ, ಕೈಗೆ ನೆನಪಿತ್ತು. ಅವಳು ಹುಟ್ಟಿದಾಗಿಂದ ಬರಿಗಾಲು. ಹಿಮ್ಮಡಿ ಹೆಂಗೆ ಸೀಳಿದ್ವು ಅಂದ್ರೆ, ನಾನು ಮಗುವಾಗಿದ್ದಾಗ ಅದರೊಳಗೆ ಬೆರಳಿಟ್ಟು ಆಡ್ತಿದ್ದೆ. ನೋವಾದ್ರೂ ಕಾಲು ಎಳ್ಕೊತಿರಲಿಲ್ಲ, ಪಾಪಿ." ಅವ್ವ ಉಸಿರಿಗಾಗಿ ನಿಂತಳು. "ನನ್ನ ಅವಳ ಕಾಲ ಬುಡಕ್ಕೆ ಹಾಕು. ಇದನ್ನ ಅವಳ ಕಾಲಿಗೆ ಕೊಟ್ಟು ಮಲಗ್ತೀನಿ. ಮರಳಿಗೆ ಹಾಕಬೇಡ ಮಗಾ, ನೀರು ಕಂಡ್ರೆ ಭಯ ನಂಗೆ."

"ಎಲ್ಲಿದ್ದಾಳವ್ವಾ ನಿನ್ನವ್ವ?"

"ಗೊತ್ತಿದ್ರೆ ನಿನ್ನ ಯಾಕೆ ಕೇಳ್ತಿದ್ದೆ?"

ಅವ್ವನ ನೆನಪಿನಲ್ಲಿ ಉಳಿದದ್ದು ತೀರ ಕಡಿಮೆ. ತಾಯಿಯ ಹೆಸರು ದ್ಯಾವೀರಿ. ಬಡಗಣ ಬೀದಿಯ ಬಾವಿಯ ಪಕ್ಕ ಗರಿಯ ಚಪ್ಪರದಡಿ ಇಬ್ಬರೇ ಇದ್ದದ್ದು. ಬೆಳಕು ಹರಿಯುವಾಗಲೇ ತಾಯಿ ಅವಳನ್ನು ಸೊಂಟಕ್ಕೇರಿಸಿ ಕೆಲಸಕ್ಕೆ ಹೊರಡುತ್ತಿದ್ದದ್ದು. ಒಂದು ಬೆಳಗ್ಗೆ ತಾಯಿ ಏಳಲಿಲ್ಲ. ನಾಲ್ಕು ವರ್ಷದ ಮಗುವನ್ನು ಯಾರೋ ತಂದು ಮೆಟ್ಟು ಹೊಲಿಯುವ ಗಂಡಹೆಂಡಿರ ಮಡಿಲಿಗೆ ಹಾಕಿದರು. ತಾಯಿಯನ್ನು ಎತ್ತ ಒಯ್ದರೆಂದು ಮಗುವಿಗೆ ಯಾರೂ ಹೇಳಲಿಲ್ಲ.

ಮಗಳು ಅವ್ವನಿಗೆ ಗಂಜಿ ಕುಡಿಸಿ, ನೆರೆಮನೆಯಾಕೆಯನ್ನು ಕೂರಿಸಿ, ಪುಸ್ತಕದ ಕಟ್ಟಡಕ್ಕೆ ಹೊರಟಳು.

ಮೊದಲು ಮದುವೆ ಪುಸ್ತಕ. ಅದನ್ನು ಕಾಯುವವನು ಬಲು ನಗುಮೊಗದ ಮನುಷ್ಯ. "ದ್ಯಾವೀರಿ ಅಂತ ಹುಡುಕಬೇಡ ಕಣವ್ವ," ಅಂದ. "ಇದರಲ್ಲಿ ಹೆಣ್ಣಿನ ಹೆಸರು ಬರೆಯೋ ವಾಡಿಕೆ ಇಲ್ಲ. ಎಲ್ಲಿಂದ ಎಲ್ಲಿಗೆ ಹೋದ್ಳು ಅಂತ ಮಾತ್ರ." ಮಗಳು ಹಾಳೆ ತಿರುವಿದಳು. ಮೂಡಣ ಬೀದಿಯಿಂದ ಬಡಗಣ ಬೀದಿಗೆ ಒಂದು ಹೆಣ್ಣು. ತೆಂಕಣ ಬೀದಿಯಿಂದ ಬಡಗಣ ಬೀದಿಗೆ ಒಂದು ಹೆಣ್ಣು. ಬಡಗಣ ಬೀದಿಯಿಂದ ಬಡಗಣ ಬೀದಿಗೆ ಒಂದು ಹೆಣ್ಣು. ಮಧ್ಯಾಹ್ನದವರೆಗೂ ಒಂದು ಹೆಣ್ಣು, ಒಂದು ಹೆಣ್ಣು.

"ಇವರಲ್ಲಿ ನಮ್ಮಜ್ಜಿ ಯಾರು ಸ್ವಾಮಿ?"

"ಯಾರು ಬೇಕಾದ್ರೂ ಆಗಬಹುದು ತಾಯಿ. ಅದೇ ಈ ಪುಸ್ತಕದ ಅನುಕೂಲ."

ಅವನ ಮೋರೆಗೆ ಮಂಗಳಾರತಿ ಮಾಡಬೇಕೆನ್ನಿಸಿತು ಮಗಳಿಗೆ. ಆದರೆ ಕೆಲಸ ಆಗಬೇಕಾದವಳು ನಾಲಗೆ ಬಿಗಿ ಹಿಡಿಯಬೇಕಲ್ಲ. ಅಲ್ಲಿಂದ ಬೀದಿ ಪುಸ್ತಕದವನ ಬಳಿ ಹೋದಳು.

ಬೀದಿ ಪುಸ್ತಕದವನ ಕುತ್ತಿಗೆ ಬಗ್ಗಿಯೇ ಇತ್ತು. ಅವನ ಅಪ್ಪನದೂ ಹಾಗೇ, ಅಜ್ಜನದೂ ಹಾಗೇ. ಯಾವ ಮನೆಯಲ್ಲಿ ಯಾರು ಯಜಮಾನಿ ಎಂದು ಬರೆಯುವುದು ಅವರ ಕೆಲಸ. ದಿನಕ್ಕೆ ಒಂದೇ ಬಾಗಿಲು. ಬೆಳಕು ಹರಿಯುವಾಗ ಹೋಗಿ, ಬಾಗಿಲಲ್ಲಿ ರಂಗೋಲಿ ಹಾಕುತ್ತಿರುವ ಹೆಂಗಸಿನ ಮುಂದೆ ನಿಂತು, "ಹೆಸರು?" ಅನ್ನಬೇಕು. ಅವಳು ಹೇಳಿದ್ದನ್ನು ಬರೆಯಬೇಕು. ಬೇರೆ ಮಾತಿಲ್ಲ. ಪುಸ್ತಕದಿಂದ ತಲೆ ಎತ್ತಿ ಪರರ ಮನೆಯ ಹೆಣ್ಣಿನ ಮುಖ ನೋಡುವಂತೆಯೂ ಇಲ್ಲ. ತಲೆ ಎತ್ತದೆ ಬರೆದದ್ದರಿಂದಲೇ ಈ ಪುಸ್ತಕದಲ್ಲಿ ಪಕ್ಷಪಾತ ಇಲ್ಲವೆಂದು ಅವನು ಬೀಗಿದ.

"ದ್ಯಾವೀರಿ, ಬಡಗಣ ಬೀದಿ," ಅನ್ನುತ್ತ ಹಳೆಯ ಹಾಳೆ ಬಿಚ್ಚಿದವನು, "ಅಲಲಾ!" ಅಂದ. "ಒಬ್ಬಳಲ್ಲ ಕಣವ್ವ, ಏಳು ಜನ ಇದ್ದಾರೆ! ಮೊದಲನೇ ಮನೆ ದ್ಯಾವೀರಿ. ಎರಡನೇ ಮನೆ ದ್ಯಾವೀರಿ. ಏಳನೇ ಮನೆವರೆಗೂ ಅದೇ. ಆ ಕಾಲದಲ್ಲಿ ಆ ಹೆಸರಿನ ಸುಗ್ಗಿ ಅಂತ ಕಾಣುತ್ತೆ."

ಮಗಳಿಗೆ ಹಿಗ್ಗಾಯಿತು. ಏಳರಲ್ಲಿ ಒಬ್ಬಳಾದರೂ ನಮ್ಮವಳಾಗಿರುತ್ತಾಳೆ, ಇನ್ನೇನು ಸಿಕ್ಕೇಬಿಟ್ಟಳು ಎಂದುಕೊಂಡಳು. ಪಾಪ, ಆ ಸಂತೋಷ ಹತ್ತು ಹೆಜ್ಜೆಯೂ ಬಾಳಲಿಲ್ಲ.

ಹತ್ತು ಹೆಜ್ಜೆಯಾಚೆ ಎಣಿಕೆ ಪುಸ್ತಕದವನು ಕೂತಿದ್ದ. ಇವನಿಗೆ ಮಗಳ ಪರಿಚಯವಿತ್ತು, ಅವಳು ಹೊಲಿದ ಮೆಟ್ಟನ್ನೇ ಹಾಕಿಕೊಂಡಿದ್ದ. ಎಣಿಕೆಯ ದಿನ ಊರಿನವರೆಲ್ಲ ಮೆಟ್ಟುಗಳನ್ನು ಹೊಸ್ತಿಲಾಚೆ ಬಿಟ್ಟು ಒಳಗೆ ಕೂರಬೇಕು. ಇವನು ಒಳಗೆ ಇಣುಕುವುದಿಲ್ಲ, ಯಾರನ್ನೂ ಕೂಗುವುದಿಲ್ಲ. ಬಾಗಿಲಲ್ಲಿ ಎಷ್ಟು ಜೊತೆ ಮೆಟ್ಟೋ ಅಷ್ಟು ಜನ. ಅದಕ್ಕೇ ಊರಿಗೆ ಊರೇ ಆ ವರ್ಷ ಮೆಟ್ಟು ಹೊಲಿಸುತ್ತಿದ್ದದ್ದು. ತೊಟ್ಟಿಲ ಮಗುವಿಗೂ ಅಂಗೈಯಗಲದ ಒಂದು ಜೊತೆ ಮಾಡಿಸಿ ಇಡುತ್ತಿದ್ದರು.

"ಬಡಗಣ ಬೀದಿ, ಬಾವಿ ಪಕ್ಕದ ಚಪ್ಪರ," ಅಂದಳು ಮಗಳು.

ಅವನು ಹುಡುಕಿ, ಬೆರಳಿಟ್ಟು, ಓದಿದ. "ಬಾವಿ ಪಕ್ಕ, ಗರಿ ಚಪ್ಪರ. ಮೆಟ್ಟು ಇಲ್ಲ. ಜನ ಇಲ್ಲ."

"ಇಬ್ಬರಿದ್ರು ಅಣ್ಣಾ. ಒಬ್ಬಳು ಇನ್ನೂ ನಮ್ಮ ಮನೇಲಿ ಉಸಿರಾಡ್ತಿದ್ದಾಳೆ."

"ಇದ್ದಿರಬಹುದವ್ವ. ಮೆಟ್ಟು ಇರಲಿಲ್ಲ."

ಅವನ ದನಿಯಲ್ಲಿ ಕೊಂಕಿರಲಿಲ್ಲ, ಅದೇ ಅವಳಿಗೆ ತಡೆಯಲಾಗಲಿಲ್ಲ. ತಾನೂ ಅವ್ವನೂ ಇಷ್ಟು ವರ್ಷ ಕೂತು ಹೊಲಿದದ್ದು ಏನನ್ನೆಂದು ಆಗ ಅವಳಿಗೆ ಅರಿವಾಯಿತು. ಕಣ್ಣಲ್ಲಿ ನೀರು ತುಂಬಿ ಅಕ್ಷರ ಕಲಸಿಹೋಯಿತು. ಸೆರಗಿನಿಂದ ಒರೆಸಿಕೊಂಡು ಮಣ್ಣಿನ ಪುಸ್ತಕದವನ ಮುಂದೆ ನಿಂತಳು.

ಮಣ್ಣಿನ ಪುಸ್ತಕದವನು ಅವಳನ್ನು ಮಣ್ಣು ಮಾಡುವ ಜಾಗಕ್ಕೇ ಕರೆದೊಯ್ದ. ಅಲ್ಲಿ ಏಳು ದೊಡ್ಡ ಕಲ್ಲುಗಳು ಪಕ್ಕಪಕ್ಕ ನಿಂತಿದ್ದವು, ಏಳರ ಮೇಲೂ ದ್ಯಾವೀರಿ ಎಂದು ಕೆತ್ತಿತ್ತು. ಒಂದೊಂದರ ಬುಡದಿಂದಲೂ ಹೆಣ್ಣುಮಕ್ಕಳ ಸಾಲು, ಮೊಮ್ಮಕ್ಕಳ ಸಾಲು. ಎಲ್ಲದಕ್ಕೂ ಹೂವು, ಎಲ್ಲದಕ್ಕೂ ದೀಪ. ಕೆಳಗೆ ಗೋಡೆಯಾಚೆ ಹೊಳೆ ಹರಿಯುವ ಸದ್ದು ಕೇಳುತ್ತಿತ್ತು.

"ಏಳರಲ್ಲಿ ನಿಮ್ಮಜ್ಜಿ ಯಾರು ಅಂತ ಆ ಮನೆಯವರ ಬಾಯಲ್ಲಿ ಹೇಳಿಸ್ಕೊಂಡು ಬಾ. ಆ ಬುಡದಲ್ಲಿ ನಿಮ್ಮವ್ವಂಗೆ ಜಾಗ ಬಿಡಿಸ್ತೀನಿ," ಅಂದ.

"ಏಳರಲ್ಲಿ ಒಬ್ಬಳೂ ಅಲ್ಲ ಅಂದ್ರೆ?"

"ಅಂದ್ರೆ ಮರಳಿಗೆ ಹೋದವಳು. ಮರಳಿನವರಿಗೆ ಪುಸ್ತಕ ಇಲ್ಲವ್ವ."

ಮಾರನೆಯ ಬೆಳಗ್ಗೆ, ಸೂರ್ಯ ಇನ್ನೂ ಗೋಡೆ ಹತ್ತುತ್ತಿರುವಾಗ, ಮಗಳು ಬಡಗಣ ಬೀದಿಗೆ ಬಂದಳು. ಏಳು ದೊಡ್ಡ ಮನೆಗಳು. ಏಳು ಬಾಗಿಲಲ್ಲೂ ಆಗತಾನೆ ಸಾರಿಸಿ ರಂಗೋಲಿ ಹಾಕಿದ್ದರು. ಮೊದಲನೆಯ ಬಾಗಿಲಲ್ಲಿ ನಿಂತವಳಿಗೆ ಕಾಲು ಮುಂದೆ ಹೋಗಲಿಲ್ಲ.

ಒಂಬತ್ತು ಚುಕ್ಕಿ, ಒಂಬತ್ತು ಸಾಲು. ಬಳ್ಳಿ ಬಳ್ಳಿಯಾಗಿ ಸುತ್ತಿ ಬಂದು ಬಲಗಡೆಯ ಕೆಳಗಿನ ಮೂಲೆಗೆ ಬರುವಷ್ಟರಲ್ಲಿ ಎಳೆ ಹಿಂದಕ್ಕೆ ತಿರುಗಿಬಿಡುತ್ತಿತ್ತು. ಆ ಮೂಲೆ ಬರಿ ನೆಲ. ಅಲ್ಲಿ ಚುಕ್ಕಿಯಿಲ್ಲ, ಎಳೆಯಿಲ್ಲ. ಇದು ಅವ್ವನ ರಂಗೋಲಿ. ಅವ್ವ ದಿನಾ ತಮ್ಮ ಗುಡಿಸಲ ಮುಂದೆ ಹಾಕುತ್ತಿದ್ದದ್ದು ಇದನ್ನೇ, ಇದೇ ಮೂಲೆ ಬಿಟ್ಟು. ಪುಡಿ ಉಳಿಸುತ್ತಾಳೆ ಜಿಪುಣಿ ಎಂದು ಮಗಳು ಎಷ್ಟೋ ಸಲ ಗೇಲಿ ಮಾಡಿದ್ದಳು. ಎರಡನೆಯ ಬಾಗಿಲಿಗೆ ಓಡಿದಳು, ಅಲ್ಲಿಯೂ ಅದೇ. ಏಳನೆಯ ಬಾಗಿಲವರೆಗೂ ಅದೇ ರಂಗೋಲಿ, ಅದೇ ಬರಿ ಮೂಲೆ.

"ಆ ಮೂಲೆ ಯಾಕೆ ಬಿಟ್ಟಿದ್ದೀರಮ್ಮ?" ಎಂದು ಆ ಮನೆಗಳ ಸೊಸೆಯರನ್ನು ಕೇಳುತ್ತ ಬಂದಳು. ಒಬ್ಬಳು, ಅದು ಮನೆದೇವರ ಪಾದಕ್ಕೆ ಅಂದಳು. ಇನ್ನೊಬ್ಬಳು, ಗುಬ್ಬಿ ಕಾಳು ತಿನ್ನಲಿ ಅಂತ ಅಂದಳು. ಮತ್ತೊಬ್ಬಳು ಮೂಗು ಮುರಿದು, "ನಮ್ಮ ದ್ಯಾವೀರಜ್ಜಿ ಹಾಕಿಕೊಟ್ಟ ಪದ್ಧತಿ. ದೊಡ್ಡ ಮನೆತನದ ಸಂಗತಿ, ನಿಂಗ್ಯಾಕೆ?" ಅಂದಳು. ಯಾರಿಗೂ ಗೊತ್ತಿರಲಿಲ್ಲ. ತುಂಬಿದರೆ ಕೇಡು ಅನ್ನುವುದು ಮಾತ್ರ ಎಲ್ಲರಿಗೂ ಗೊತ್ತಿತ್ತು.

ಮಗಳಿಗೆ ಆಗ ಎಲ್ಲ ಹೊಳೆಯಿತು. ದ್ಯಾವೀರಿಯರು ಏಳು ಜನ ಅಲ್ಲ, ಒಬ್ಬಳೇ. ಏಳು ಮನೆಯ ಯಜಮಾನಿಯರು ಬೆಚ್ಚಗೆ ಮಲಗಿರುವಾಗ ಏಳು ಬಾಗಿಲು ಸಾರಿಸಿ ರಂಗೋಲಿ ಹಾಕುತ್ತಿದ್ದವಳು. ಏಳು ದಿನ, ಏಳು ಬಾಗಿಲಲ್ಲಿ, ತಲೆ ಎತ್ತದ ಒಬ್ಬ ಮನುಷ್ಯ "ಹೆಸರು?" ಅಂದಿದ್ದಾನೆ. ಅವಳು ತನ್ನ ಹೆಸರು ಹೇಳಿದ್ದಾಳೆ. ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಅಷ್ಟೇ ತಪ್ಪು!

ಏಳನೆಯ ಮನೆಯ ಜಗಲಿಯಲ್ಲಿ ಒಬ್ಬ ಮುದುಕಿ ಕೂತಿದ್ದಳು. ಏಳು ಮನೆಗೂ ಹಿರಿಯಳು ಅವಳೇ. ಮಗಳು ಅವಳ ಮುಂದೆ ಕೂತು ಎಲ್ಲವನ್ನೂ ಬಿಡಿಸಿ ಹೇಳಿದಳು. ಹಿರಿಯಳು ಸೊಸೆಯರನ್ನು ಒಳಗೆ ಕಳಿಸಿ ಬಾಗಿಲು ಮುಂದಕ್ಕೆ ಎಳೆದಳು.

"ನಮ್ಮತ್ತೆ ಹೆಸರು ಬೇರೆ ಏನೋ ಇತ್ತು ಕಣವ್ವ," ಅಂದಳು ಮೆಲ್ಲಗೆ. "ಅವರು ಸತ್ತಾಗ ನಮ್ಮ ಯಜಮಾನರು ಆ ಹೆಸರು ಹೇಳಿದ್ರಂತೆ. ಬೀದಿ ಪುಸ್ತಕದಲ್ಲಿ ದ್ಯಾವೀರಿ ಅಂತಿದೆ, ಅದಲ್ಲದೆ ಬೇರೆ ಹೆಸರಿಗೆ ಮಣ್ಣು ಕೊಡಲ್ಲ ಅಂದ್ರಂತೆ ಮಣ್ಣಿನ ಪುಸ್ತಕದವರು. ಹೆಣ ಅಂಗಳದಲ್ಲಿದ್ದಾಗ ಜಗಳ ಆಡೋಕಾಗುತ್ತಾ? ಕಲ್ಲಿನ ಮೇಲೆ ದ್ಯಾವೀರಿ ಅಂತಲೇ ಕೆತ್ತಿಸಿದ್ರು. ಏಳು ಮನೇಲೂ ಹಂಗೇ ಆಯ್ತು. ಆಮೇಲೆ ಹುಟ್ಟಿದ ಮಕ್ಕಳು ಕಲ್ಲು ನೋಡಿ ಬೆಳೆದ್ವು. ನಮ್ಮತ್ತೆಯ ನಿಜ ಹೆಸರು ನಂಗೂ ಈಗ ಮರೆತುಹೋಗಿದೆ. ಎಷ್ಟು ಯೋಚನೆ ಮಾಡಿದ್ರೂ ಬಾಯಿಗೆ ಬರಲ್ಲ."

"ಹಿಂಗೆ ಮಾಡು," ಅಂದಳು ಹಿರಿಯಳು. "ನಿಮ್ಮವ್ವ ನಮ್ಮ ಕವಲಿನವಳು ಅಂತ ನಾನೇ ಬಂದು ಹೇಳ್ತೀನಿ. ನಮ್ಮ ದ್ಯಾವೀರಿ ಬುಡದಲ್ಲಿ ಮಣ್ಣು ಕೊಡಿಸ್ತೀನಿ. ಒಂದೇ ಮಾತು: ಬರಿಗಾಲು, ಕಂಡವರ ಬಾಗಿಲು, ಇದೆಲ್ಲ ನಿನ್ನ ಬಾಯಲ್ಲಿ ಬರಕೂಡದು. ಬಂದ್ರೆ ಏಳು ಸಾಲೂ ಕಿತ್ತುಬರುತ್ತೆ. ಅಲ್ಲಿ ಮಲಗಿರೋ ಹೆಣ್ಣುಮಕ್ಕಳನ್ನೆಲ್ಲ ಎಬ್ಬಿಸಿ ಮರಳಿಗೆ ಹಾಕ್ತಾರೆ. ನಾನಿನ್ನೂ ಬದುಕಿದ್ದೀನಿ ಅಂತ ನನ್ನ ಮಗಳನ್ನೂ ಅವಳಜ್ಜಿ ಬುಡದಲ್ಲೇ ಹಾಕಿದ್ದಾರೆ ಕಣವ್ವ."

ಕೆಟ್ಟವಳಲ್ಲ ಆ ಮುದುಕಿ. ಮಗಳಿಗೂ ಅದು ಗೊತ್ತಾಯಿತು. "ಯಾರಿಗೂ ಹೇಳಲ್ಲ ಅಮ್ಮೋರೆ," ಅಂದು ಎದ್ದಳು. "ಜಾಗದ ವಿಷಯ ಅವ್ವನ್ನ ಕೇಳಬೇಕು."

ಮನೆಗೆ ಬಂದಾಗ ಅವ್ವನ ಕಣ್ಣು ಬಾಗಿಲಲ್ಲೇ ಇತ್ತು. "ಸಿಕ್ಕಿದ್ಳಾ?"

ಮಗಳಿಗೆ ಎಲ್ಲಿಂದ ಶುರು ಮಾಡಬೇಕೋ ತೋಚಲಿಲ್ಲ. "ಅವ್ವಾ, ನೀನು ರಂಗೋಲೀಲಿ ಆ ಮೂಲೆ ಯಾಕೆ ಬಿಡ್ತೀಯ?" ಅಂದಳು.

ಸಾಯುವ ಹೊತ್ತಿನಲ್ಲಿ ಇದೇನು ಪ್ರಶ್ನೆ ಎಂಬಂತೆ ಅವ್ವ ನೋಡಿದಳು. ಆಮೇಲೆ ನಕ್ಕಳು, ಹಲ್ಲಿಲ್ಲದ ಬಾಯಿ ತೆರೆದು. "ಅದು ನನ್ನ ಜಾಗ ಅಲ್ವಾ! ಸೊಂಟದಿಂದ ಇಳಿಸಿ ಆ ಮೂಲೇಲಿ ಕೂರಿಸ್ತಿದ್ಲು. ಅಳ್ಳಾಡಬೇಡ ಕೂಸೇ, ಅಳಿಸಿಹೋಗುತ್ತೆ ಅಂತಿದ್ಲು. ನನ್ನ ಸುತ್ತ ಬಳಸಿಕೊಂಡು ಎಳೆ ಎಳೀತಿದ್ಲು. ಮುಗಿದ ಮೇಲೆ ನನ್ನ ಎತ್ತಿಕೊಂಡು ಮುಂದಿನ ಬಾಗಿಲಿಗೆ ಹೋಗೋಳು. ನಾ ಕೂತಿದ್ದ ಕಡೆ ಬರಿ ನೆಲ ಉಳೀತಿತ್ತು. ನಿನ್ನನ್ನೂ ಅಲ್ಲೇ ಕೂರಿಸಿ ಹಾಕ್ತಿದ್ದೆ, ನೆನಪಿಲ್ವಾ?"

ಮಗಳು ಅವ್ವನ ಪಾದ ಹಿಡಿದುಕೊಂಡು ಗೊಳೋ ಎಂದು ಅತ್ತಳು. ಏಳು ಮನೆ, ಎರಡು ತಲೆಮಾರು, ದಿನಾ ಬೆಳಗ್ಗೆ ಈ ಒಬ್ಬಳಿಗಾಗಿ ಜಾಗ ಬಿಟ್ಟುಕೊಂಡು ಬಂದಿದ್ದವು. ಬಿಟ್ಟವರಿಗೆ ಯಾರಿಗೆಂದು ತಿಳಿದಿರಲಿಲ್ಲ. ಅಳುತ್ತಲೇ ಎಲ್ಲ ಹೇಳಿದಳು. ಪುಸ್ತಕ, ಕಲ್ಲು, ಹಿರಿಯಳ ಮಾತು, ಮರಳು, ಒಂದನ್ನೂ ಬಚ್ಚಿಡಲಿಲ್ಲ.

ಅವ್ವ ಗೂಡಿನ ಮೆಟ್ಟನ್ನು ಎದೆಗೆಳೆದುಕೊಂಡಳು. "ಆ ಕಲ್ಲಿನ ಕೆಳಗಿರೋ ಕಾಲು ಯಾರ್ದೋ ಏನೋ," ಅಂದಳು. "ಅವಕ್ಕೆ ಈ ಮೆಟ್ಟು ಹಿಡಿಸಲ್ಲ ಮಗಾ. ನನ್ನವ್ವ ಹೋದ ಕಡೇಗೇ ಕಳಿಸು."

"ನೀರು ಕಂಡ್ರೆ ಭಯ ಅಂದೆ?"

"ಭಯವೇ. ನನ್ನವ್ವ ಇಳಿಸ್ತಿದ್ದ ಹಂಗೆ ಇಳಿಸು, ಸುಮ್ಮನೆ ಕೂತಿರ್ತೀನಿ."

ಮಧ್ಯಾಹ್ನ ಗಂಜಿ ಕಾಯಿಸಿಕೊಂಡು ಬರುವಷ್ಟರಲ್ಲಿ ಅವ್ವ ಇರಲಿಲ್ಲ.

ಮಾರನೆಯ ಬೆಳಗ್ಗೆ, ಊರಲ್ಲಿ ಬಾಗಿಲು ಸಾರಿಸುವ ಹೊತ್ತಿಗೆ, ಮಗಳು ಹೊಳೆಯ ಮರಳನ್ನು ನೀರು ಚಿಮುಕಿಸಿ ಹದ ಮಾಡಿದಳು. ಒಂಬತ್ತು ಚುಕ್ಕಿ, ಒಂಬತ್ತು ಸಾಲು. ಚುಕ್ಕಿಗೆ ಚುಕ್ಕಿಗೆ ಮಾರುದ್ದ ದೂರ ಬಿಟ್ಟು, ಅಂಗಳದಷ್ಟು ದೊಡ್ಡ ರಂಗೋಲಿ ಎಳೆದಳು. ಎಳೆ ಬಲಗಡೆಯ ಮೂಲೆಗೆ ಬಂದಾಗ ಹಿಂದಕ್ಕೆ ತಿರುಗಿಸಿದಳು. ಬಿಟ್ಟ ಆ ಮೂಲೆಯನ್ನು ತನ್ನ ಕೈಯಾರೆ ತೋಡಿ, ನೆರೆಯವರ ಕೈಲಿ ಹಿಡಿಸಿ ಅವ್ವನನ್ನು ಅಲ್ಲಿ ಇಳಿಸಿದಳು. ನೆರೆಯವರು ಹೋದ ಮೇಲೂ ಅವಳು ಹೋಗಲಿಲ್ಲ. ಗೂಡಿನ ಮೆಟ್ಟನ್ನು ರಂಗೋಲಿಯ ಅಂಚಿಗಿಟ್ಟಳು. ಅದರ ಪಕ್ಕ ಅವ್ವನ ಮೆಟ್ಟು. ಆಮೇಲೆ ತನ್ನ ಕಾಲಿನದನ್ನೂ ಬಿಚ್ಚಿ ಮೂರನೆಯದಾಗಿ ಜೋಡಿಸಿದಳು. ಬರಿಗಾಲಲ್ಲಿ ಮನೆಗೆ ಬಂದಳು. ಮರಳು ಆಗಲೇ ಸುಡುತ್ತಿತ್ತು.

ಅದರ ಮರುದಿನವೇ ಎಣಿಕೆ. ಊರಿನ ಎಲ್ಲ ಹೊಸ್ತಿಲಾಚೆಯೂ ಮೆಟ್ಟುಗಳ ಸಾಲು. ಎಣಿಕೆಯವನು ಬಾಗಿಲಿಂದ ಬಾಗಿಲಿಗೆ ಬೆರಳು ಮಡಿಚುತ್ತ ಬಂದು, ಮೆಟ್ಟು ಹೊಲಿಯುವವಳ ಮನೆಯ ಮುಂದೆ ನಿಂತ. ಹೊಸ್ತಿಲು ಖಾಲಿ. ಒಳಗೆ ಉಳಿ ಬಡಿಯುವ ಸದ್ದು ಕೇಳುತ್ತಿತ್ತು. ಕೂಗಬಾರದು ಅನ್ನುವ ಕಟ್ಟಳೆಯನ್ನು ಅವನು ಅವತ್ತು ಮೊದಲ ಸಲ ಮುರಿದ.

"ತಂಗೀ, ನಿನ್ನ ಮೆಟ್ಟು ಹೊರಗಿಡೋದು ಮರೆತಿದ್ದೀಯ. ಇಡವ್ವ ಬೇಗ. ಸೊನ್ನೆ ಬಿದ್ರೆ ನಾಳೆ ನೀನೂ ಇಲ್ಲ ಅಂತಾಗುತ್ತೆ."

"ಮರೆತಿಲ್ಲಣ್ಣ. ಹೊಳೆದಂಡೇಲಿವೆ. ಮೂರು ಜೊತೆ."

"ಅಲ್ಲಿ ಯಾವ ಬಾಗಿಲಿದೆ? ಬಾಗಿಲಿಲ್ಲದ ಕಡೆ ಹೆಂಗೆ ಎಣಿಸಲಿ?"

"ರಂಗೋಲಿ ಹಾಕಿದ್ದೀನಲ್ಲಣ್ಣ," ಅಂದಳು ಮಗಳು.

ಎಣಿಕೆಯವನು ಆ ಹೊಸ್ತಿಲಿಗೆ ಸೊನ್ನೆ ಬರೆದ. ಸ್ವಲ್ಪ ಹೊತ್ತು ತನ್ನ ಕಾಲಿನ ಮೆಟ್ಟನ್ನೇ ನೋಡುತ್ತ ನಿಂತ. ಆಮೇಲೆ ಮುಂದಿನ ಮನೆಗೆ ಹೋಗದೆ, ಪುಸ್ತಕ ಬಗಲಲ್ಲಿಟ್ಟುಕೊಂಡು ಗೋಡೆ ದಾಟಿ ಹೊಳೆಗೆ ಇಳಿದ. ಗಾಳಿಗೆ ಅರ್ಧ ರಂಗೋಲಿ ಹಾರಿಹೋಗಿತ್ತು. ಮೂರು ಜೊತೆ ಮೆಟ್ಟು ಇತ್ತು. ಅವನು ಬರೆದ: ಹೊಳೆದಂಡೆ. ಮೂವರು.

ಹದಿನೈದು ದಿನಕ್ಕೆ ಮಳೆ ಹಿಡಿಯಿತು. ಹೊಳೆ ಏರಿತು. ಏನಾಯಿತೆಂದು ನಾನು ಹೇಳಬೇಕಾಗಿಲ್ಲ.

ನೀವು ಎಂದಾದರೂ ಆ ಊರಿಗೆ ಹೋದರೆ ಬೆಳಗ್ಗೆಯೇ ಹೋಗಿ, ಬಡಗಣ ಬೀದಿಯ ಏಳು ಬಾಗಿಲು ನೋಡಿ. ರಂಗೋಲಿಯಲ್ಲಿ ಬಲಗಡೆಯ ಕೆಳಗಿನ ಮೂಲೆ ಬರಿದಾಗಿರುತ್ತದೆ. ಖಾಲಿ ಇದೆಯಲ್ಲ ಎಂದು ಅಲ್ಲಿ ಕಾಲಿಡಬೇಡಿ. ಅಲ್ಲಿ ಮಗು ಕೂತಿದೆ.